ಮೂರನೇ ಪೈಪು

ಎಣ್ಣಿ ಟಾಕಿ ಮುಚ್ಚಳದ ಒಳಗ
ಬೆರಳಗಲದ ಒಂದು ಚೀಟಿ.
ಪರದೇಶದ ಅಕ್ಷರ,
ನಡುವ ಅಂಕಿ ಅಷ್ಟ ತಿಳಿಯೂದು: ತೊಂಬತ್ತೈದು.
ಅದಕ್ಕೂ ಮ್ಯಾಲಾದ್ರ ಅಡ್ಡಿಯಿಲ್ಲ, ಕೆಳಗ ಬ್ಯಾಡ.

ಗದಗಿನ್ಯಾಗ ಇಪ್ಪತ್ತಾರು ವರ್ಷ ಲೇಬಲ್ ಅಚ್ಚು ಹಾಕಿದಾಂವ ನಾನು.
ಬ್ಯಾಡಗಿ ಖಾರದಪುಡಿ ಚೀಲಕ್ಕ, ಊದಿನಕಡ್ಡಿಗೆ,
ಶೇಂಗಾ ಎಣ್ಣಿ ಡಬ್ಬಿಗೆ
'ಅತ್ಯುತ್ತಮ ಗುಣಮಟ್ಟ' ಅಂತ
ಎಷ್ಟು ಲಕ್ಷ ಸರ್ತಿ ಒತ್ತೇನೋ.
ಲೇಬಲ್ಲಿನ ಮಾತು ನಂಬೂ ಪೈಕಿ ಅಲ್ಲ.
ಆದ್ರ ಈ ಚೀಟಿ ತನ್ನ ತಾ ಹೊಗಳಿಕೊಂಡಿಲ್ಲ,
ಒಂದು ಅಂಕಿ ಹೇಳಿ ಸುಮ್ಮನಾಗೇತಿ.
ಅದಕ್ಕ ನಂಬಿದೆ.

ಕಾರು ಧಾರವಾಡದ ಹಲ್ಲಿನ ಡಾಕ್ಟರ್ ಕಡೆದು,
ಸೆಕೆಂಡ್ ಹ್ಯಾಂಡ್, ಟರ್ಬೊ.
'ನೀಲಿ ಬಣ್ಣ ಚಂದೈತಿ' ಅಂದಿದ್ಲು ಹೆಂಡ್ತಿ ದ್ರಾಕ್ಷಾಯಣಿ, ಅಷ್ಟ.
ಡಂಬಳದ ದಾರ್ಯಾಗ ಮೊದಲ ಏರಿಗೆ
ಎಂಜಿನ್ನಿನ ಒಳಗ ಯಾರೋ ಹಲ್ಲು ಕಡದಂಗ
ಟಿಕ್ ಟಿಕ್ ಟಿಕ್.
ಆಕಿಗೆ ಕೇಳಲಿಲ್ಲ.
ನಂದು ಹಳೇ ಟ್ರೆಡಲ್ ಮಶೀನಿನ ಕಿವಿ,
ಒಂದು ಮೊಳೆ ಸಡಲಾದ್ರೂ ನಿದ್ದಿಗಣ್ಣಾಗ ತಿಳೀತಿತ್ತು.

ಒಂದನೇ ಪಂಪಿನ್ಯಾಗ: ಇಲ್ರಿ.
ಎರಡನೇದ್ರಾಗ: ಅದು ತುಟ್ಟಿರಿ,
ಈ ಊರಾಗ ಯಾರ ಹಾಕಿಸ್ತಾರ? ತರಸೂದ ಬಿಟ್ಟೇವಿ.
ಮೂರನೇದ್ರಾಂವ, ಹೀಂಗಂದ್ರ ಏನ್ರಿ, ಅಂದ.
ಹುಬ್ಬಳ್ಳಿಗೆ ಹೋಗ್ರಿ, ಗೋಕುಲ ರೋಡಿಗೆ ಸಿಗತೈತಿ ಅಂದ್ರು.
ಹೋದೆ. ತುಂಬಿಸಿದೆ. ಬಂದೆ.
ನೀರಿಗೆ ಹೋದಾಂವ
ಮನಿ ಮುಟ್ಟೂದ್ರಾಗ ಅರ್ಧ ಕೊಡ ತಾನ ಕುಡದಂಗ.

ಅಲ್ಲೇ ಗ್ಯಾರೇಜಿನ ಬುಡನಸಾಬ
ಲ್ಯಾಪ್‌ಟಾಪ್ ಹಚ್ಚಿ ನೋಡಿ ನಕ್ಕ:
'ಗಾಡಿ ಶಾಣ್ಯಾ ಐತ್ರಿ.
ಎಣ್ಣಿ ಹಗರ ಅಂತ ಗೊತ್ತಾದ್ರ
ಕಿಡಿ ಹಚ್ಚೂದು ಒಂಚೂರು ತಡಾ ಮಾಡತೈತಿ,
ತನ್ನ ತಾಕತ್ತು ತಾನ ತಗ್ಗಿಸಿಕೊಂಡು ಬಾಳೇ ಮಾಡತೈತಿ.
ಏನೂ ಆಗೂದಿಲ್ಲ, ಓಡಸ್ರಿ.'

ಏನೂ ಆಗೂದಿಲ್ಲ.
ಅಣ್ಣಿಗೇರಿ ದಾಟೂತನಾ ಅದ ಮಾತು.
ನಾಲ್ಕು ಬಣ್ಣದ ಮಶೀನ್ ನಡಸಾಕ ಬರ್ತಿದ್ರೂ
ಮಾಲಕ ಒಂದು ಬಣ್ಣದ್ದಕ್ಕ ನಿಲ್ಲಿಸಿದ ಹನ್ನೊಂದು ವರ್ಷ
ನಾನೂ ಕಿಡಿ ತಡಾ ಮಾಡಿಕೊಂಡಿದ್ದೆ.
ಏನೂ ಆಗಲಿಲ್ಲ.

ಮುಳಗುಂದ ರೋಡಿನ ಪಂಪಿನ್ಯಾಗ ಫಕ್ಕೀರವ್ವ.
ಅಲ್ಲಿ ಮೂರು ಪೈಪು;
ಮೂರನೇದರ ಬಾಯಿಗೆ ಪ್ಲಾಸ್ಟಿಕ್ ಚೀಲ, ಮ್ಯಾಲ ಸುತಳಿ.
ದಿನಾ ಮುಂಜಾನೆ ಅದನ್ನೂ ಒರಸ್ತಾಳ,
ಒಂದು ಹನಿ ಬರದಿದ್ರೂ.
'ಯಾವಾಗ ಬರತೈತವ್ವಾ ಇದು?'
'ಟ್ಯಾಂಕರಿನಾಂವಗ ಈ ಕಡೆ ನೆನಪಾದ್ರ ಬರತೈತ್ರಿ.
ನಂಬರ್ ಕೊಟ್ಟ ಹೋಗ್ರಿ.'

ಶ್ರಾವಣ ಹೋತು. ಬನ್ನಿ ಕೊಟ್ಟು ತಗೊಂಡದ್ದೂ ಆತು.
ಕಾರು ಹಲ್ಲು ಕಡಕೋತ,
ಕಿಡಿ ತಡಾ ಮಾಡಕೋತ
ದ್ರಾಕ್ಷಾಯಣಿನ ತವರಿಗೆ ಬಿಟ್ಟು ಕರಕೊಂಡು ಬಂತು.

ಒಂದು ಗುರುವಾರ, ಹಲ್ಲು ತಿಕ್ಕೂ ಹೊತ್ತಿಗೆ ಫೋನು:
'ಅಣ್ಣಾರ, ಬಂದೈತಿ. ಲಗೂ ಬರ್ರಿ.'
ಹೋಗೂದ್ರಾಗ ಸುತಳಿ ಬಿಚ್ಚಿ ಕೈಗೆ ಸುತಗೊಂಡಿದ್ಲು.
ರೊಕ್ಕದ ಅಂಕಿ ಓಡಿದ್ದ ಓಡಿದ್ದು,
ಲೀಟರಿನ ಅಂಕಿ ಅದರ ಹಿಂದ ಕುಂಟಕೋತ.
ರಾತ್ರಿ ಪಾಳಿ ಮುಗದಿತ್ತು ಆಕಿದು.
'ಬಸ್ ಸ್ಟ್ಯಾಂಡ್ ಮಟಾ ಬಾರವ್ವಾ' ಅಂತ
ದ್ರಾಕ್ಷಾಯಣಿ ಹಿಂದ ಸರದು ಜಾಗಾ ಮಾಡಿದ್ಲು.

'ನಾಕು ವರ್ಷಾತ್ರಿ ಈ ಪೈಪು ಒರಸಾಕತ್ತು.
ಇದು ಹಾಕಿದ್ರ ಏನಾಗತೈತಿ ಅಂತ ಯಾರನ್ನೂ ಕೇಳಿಲ್ಲ.'

ರೈಲ್ವೆ ಬ್ರಿಡ್ಜಿನ ಏರು ಬಂತು.
ಕಾಲು ಒತ್ತಿದೆ. 'ಈಗ ಕೇಳು' ಅಂದೆ.
ಇಬ್ಬರೂ ಮುಂದ ಬಾಗಿ ಕಿವಿ ಕೊಟ್ಟರು.
ಏರು ಮುಗೀತು.
'ಏನೂ ಕೇಳಲೇ ಇಲ್ಲಲ್ರಿ' ಅಂದ್ಲು ಫಕ್ಕೀರವ್ವ.

ಅದಕ್ಕ ರೊಕ್ಕಾ ಕೊಟ್ಟೇನಿ ನೋಡವ್ವಾ.