ಲಾಭ, ಎರಡು, ಮೂರು

ಆಲೂರಿನಿಂದ ಹನ್ನೊಂದು ಕಿಲೋಮೀಟರು ಜೀಪು.
ಆಮೇಲೆ ದಾರಿ ನೀರಿನೊಳಕ್ಕೇ ಇಳಿದುಬಿಡುತ್ತದೆ
ಡಾಂಬರಿನ ಸಮೇತ, ಮೈಲಿಗಲ್ಲಿನ ಸಮೇತ.
ಅಲ್ಲಿಂದ ತೆಪ್ಪ.
ನನ್ನ ತೊಡೆಯ ಮೇಲೆ ತೂಕ-ಅಳತೆ ಇಲಾಖೆಯ ಮರದ ಪೆಟ್ಟಿಗೆ,
ಐದು ಕಿಲೋದಿಂದ ಒಂದು ಗ್ರಾಮಿನವರೆಗೆ
ಮಖಮಲ್ಲಿನ ಗುಳಿಗಳಲ್ಲಿ ಮಲಗಿದ ಹಿತ್ತಾಳೆ ಬಟ್ಟುಗಳು.
ಹುಟ್ಟು ಹಾಕುವ ಹುಡುಗ ರುದ್ರೇಶಿ ಕೇಳಿದ:
"ಇದು ಬಿದ್ರೆ ಹೊಳೆ ಎಷ್ಟು ಗ್ರಾಮ್ ಜಾಸ್ತಿ ಆಗ್ತದೆ ಸಾ?"
ಉತ್ತರ ಗೊತ್ತಿತ್ತು. ಹೇಳಲಿಲ್ಲ.
ಪೆಟ್ಟಿಗೆಯನ್ನು ಇನ್ನಷ್ಟು ತಬ್ಬಿಕೊಂಡೆ.

ಕುರಿಗುಡ್ಡೆ ಎಂದರೆ ಒಂದೂವರೆ ಎಕರೆ,
ಹೇಮಾವತಿ ಹೋಗಲಿ ಎಂದು ಬಿಟ್ಟುಕೊಟ್ಟ ನೆತ್ತಿ.
ಒಂದು ಬಸರಿ ಮರ, ತಗಡಿನ ಷೆಡ್ಡು,
ಐಸು ತುಂಬುವ ಥರ್ಮಾಕೋಲ್ ಪೆಟ್ಟಿಗೆಗಳು,
ಓಡಿಹೋಗಲು ಊರಿಲ್ಲದ್ದರಿಂದ ಸರಪಳಿಯಿಲ್ಲದ ನಾಯಿ.
ದಡದಾಚೆ ನೀಲಿ ಡ್ರಮ್ಮುಗಳ ಮೇಲೆ ತೇಲುವ ಹದಿನಾರು ಪಂಜರ,
ಒಳಗೆ ಜಿಲೇಬಿ ಮೀನು.
ಆ ಹೆಸರಿಟ್ಟವನು, ಸಂತೆಯಲ್ಲಿ ಮಿಠಾಯಿಗೆ ಅತ್ತ ಮಗುವನ್ನು
ಮೀನು ಕೊಡಿಸಿ ಸುಮ್ಮನಾಗಿಸಿದ ಅಪ್ಪನೇ ಇರಬೇಕು.

ಒಡತಿ ಕಾಳಮ್ಮಣ್ಣಿ. ಸೀರೆಯ ಮೇಲೆ ಗಂಡಸರ ಶರಟು.
ಮೇವಿನ ಕಾಳು ಒಂದು ಬೊಗಸೆ ಎರಚಿದಳು,
ಒಲೆಯಿಲ್ಲದೆ ನೀರು ಕುದಿಯಿತು.
"ನೀರುನಾಯಿ ಬಲೆ ಹರೀತದೆ, ನೀರುಕಾಗೆ ಕದೀತದೆ,
ಡ್ಯಾಮಿನೋರು ನೀರು ಬಿಟ್ರೆ ಪಂಜರ ಕೆಸರಿಗೆ ಕೂರ್ತವೆ.
ಈಗ ನೀವೂ ಬಂದ್ರಿ," ಎಂದು ನಕ್ಕಳು,
ನನ್ನನ್ನು ಯಾವ ಪಂಕ್ತಿಯಲ್ಲಿ ಕೂರಿಸಿದಳೆಂದು
ನನಗೆ ತಿಳಿಯುವಷ್ಟು ಮಾತ್ರ.

ತಕ್ಕಡಿ ಇದ್ದದ್ದು ತೇಲುವ ಹಲಗೆಯ ಮೇಲೆ.
ಮಟ್ಟ ತೋರುವ ಗಾಜಿನೊಳಗಿನ ಗುಳ್ಳೆ
ನಡುವಿನ ವೃತ್ತಕ್ಕೆ ಬರುವುದು, ಇಣುಕುವುದು, ಹೊರಟುಬಿಡುವುದು,
ಶಾಲೆಗೆ ಸೇರಿಸಿದ ಮೊದಲ ದಿನದ ಕೂಸು.
ಎರಡು ಕಿಲೋ ಬಟ್ಟಿಟ್ಟರೆ ಒಂದು ಒಂಬೈನೂರ ಎಂಬತ್ತು,
ಮರುಗಳಿಗೆ ಎರಡು ನಲವತ್ತು,
ಅಲೆ ಹೇಳಿದಷ್ಟು.
"ಇಲ್ಲಿ ಮುದ್ರೆ ಒತ್ತುವ ಹಾಗಿಲ್ಲ. ಗಟ್ಟಿ ನೆಲ ಬೇಕು."
"ಗಟ್ಟಿ ನೆಲ," ಎಂದಳು,
ಎಂದೋ ಕೇಳಿದ ಊರಿನ ಹೆಸರನ್ನು ನೆನೆಯುವಂತೆ.

ತಕ್ಕಡಿ ಹೊತ್ತು ಮೂವರೂ ಬಸರಿ ಮರ ದಾಟಿದೆವು.
ಕಾಲಿನಿಂದ ಹುಲ್ಲು ಕೆರೆದಳು. ಅಡಿಯಲ್ಲಿ ಹಾಸುಗಲ್ಲು,
ನಡುವೆ ಮೇಟಿ ನೆಡುತ್ತಿದ್ದ ಗುಳಿ.
ಕಣ.
ಗುಳ್ಳೆ ವೃತ್ತಕ್ಕೆ ಬಂತು. ಕೂತಿತು.
ಹದಿನೇಳು ವರ್ಷದ ನೌಕರಿಯಲ್ಲಿ
ಇಷ್ಟು ಮಟ್ಟಸವಾದ ಜಾಗ ಕಂಡಿಲ್ಲ ನಾನು,
ಹಾಸನದ ನಮ್ಮ ಕಚೇರಿಯ ನೆಲವೂ ಒಂದೆಳೆ ಓರೆ.
"ನಿಮ್ಮ ಹಿರಿಯರದೇ ಕಣ?"
"ನಾವು ಹೊಳೇಲಿದ್ದೋರು, ನಮಗೆಲ್ಲಿ ಕಣ?
ಅವರ ಹೊಲ ನೀರಾದ್ಮೇಲೆ
ಒಸಿ ನಮ್ದೂ ಆಯ್ತು."

ಮೊದಲ ಬುಟ್ಟಿ ಇಟ್ಟು "ಲಾಭ" ಎಂದಳು.
ಆಮೇಲೆ ಎರಡು. ಮೂರು.
ಒಂದು ಎಂದು ಬರೆಯಲು ಎತ್ತಿದ ನನ್ನ ಪೆನ್ನು ಅಲ್ಲೇ ನಿಂತಿತು.
ಕಣವಿಲ್ಲದವಳ ಬಾಯಲ್ಲಿ ರಾಶಿ ಅಳೆಯುವವರ ಎಣಿಕೆ.
ಬುಟ್ಟಿಯಲ್ಲಿ ಒದ್ದಾಟ, ಅಂಕಿ ಕುಣಿಯುತ್ತಿತ್ತು.
"ಸ್ವಲ್ಪ ನಿಲ್ಲಲಿ," ಎಂದೆ.
"ನಿಂತ್ಮೇಲೆ ಎಲ್ಲಾರೂ ಸರಿಯಾಗೇ ತೂಗ್ತಾರೆ ಸಾ."

ಸೀಸಕ್ಕೆ ಮುದ್ರೆ ಒತ್ತಿದೆ. ರಸೀದಿ ಹರಿದೆ.
ಒಂದು ಕಿಲೋ ಕೊಂಡೆ, ದುಡ್ಡು ಕೊಟ್ಟೇ ಕೊಂಡೆ,
ನನ್ನದೇ ಮುದ್ರೆಯ ತಕ್ಕಡಿಯಲ್ಲಿ:
ಒಂದು, ಚುಕ್ಕೆ, ಸೊನ್ನೆ, ಸೊನ್ನೆ, ಸೊನ್ನೆ.
ಚೀಲದ ಬಾಯಿ ಕಟ್ಟುವ ಮುಂಚೆ ಇನ್ನೊಂದು ಸಣ್ಣದನ್ನು ಎಸೆದಳು.
"ಇದು?"
"ಕೊಸರು."
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.
ವಾಪಸು ಕೊಡಬೇಕಿತ್ತು.

ನಡು ಹಿನ್ನೀರಿನಲ್ಲಿ ರುದ್ರೇಶಿ ಹುಟ್ಟು ನಿಲ್ಲಿಸಿ
ಮೊಬೈಲು ಮೇಲೆತ್ತಿ ಸಿಗ್ನಲ್ಲು ಹುಡುಕಿದ.
ಎಡ ತೊಡೆಯ ಮೇಲೆ ಪೆಟ್ಟಿಗೆ, ಬಲದ ಮೇಲೆ ಚೀಲ.
ಲೆಕ್ಕದ ಪ್ರಕಾರ ತೆಪ್ಪ ಎಡಕ್ಕೆ ವಾಲಬೇಕು.
ಬಲಕ್ಕೆ ವಾಲಿತ್ತು.
ಒಳಗೆ ಕೊಸರು
ಒಮ್ಮೆ ಬಾಲ ಬಡಿಯಿತು.