ಎಂಟಾಣೆ

ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ, ಲೇತುಗಳ ಕಿರುಚಾಟದ ನಡುವೆ,
ಲಾರಿ ಟಯರುಗಳ ಮೇಲೆ ಮಗ್ಗುಲಾಗಿ ಒರಗಿದೆ
ಹತ್ತೊಂಬತ್ತಡಿಯ ಹಾಯಿದೋಣಿ. ಎಪ್ಪತ್ತೆರಡನೇ ಇಸವಿಯದು.

ಲೂರ್ದುಸ್ವಾಮಿ ಹಳೇ ಎಂಟಾಣೆಯಿಂದ
ಅದರ ಮೈ ತಟ್ಟುತ್ತಾ ಬರುತ್ತಾನೆ,
ಕಲ್ಲಂಗಡಿ ಆರಿಸುವವನ ಹಾಗೆ:
ಟಣ್, ಟಣ್, ಟಣ್,
ಡಬ್.
ನಿಲ್ಲುತ್ತಾನೆ. ಸೀಮೆಸುಣ್ಣದಲ್ಲಿ ಒಂದು ಸುತ್ತು.
ಗಾಜಿನ ನೂಲಿಗೂ ರಾಳಕ್ಕೂ ಅಲ್ಲಿ ಮಾತು ಬಿಟ್ಟುಹೋಗಿದೆ.

‘ಆಗಿನವರಿಗೆ ಈ ಫೈಬರ್ ಮೇಲೆ ನಂಬಿಕೇನೇ ಇರಲಿಲ್ಲ ಸಾರ್,
ಅದಕ್ಕೇ ನೋಡಿ, ಗೋಡೆ ಥರ ದಪ್ಪ ಬಳಿದಿದಾರೆ.’
ಅಪನಂಬಿಕೆಯೇ ಕಾಪಾಡಿದೆ ಇದನ್ನು
ಐವತ್ತು ವರ್ಷ.

ಹೊಟ್ಟೆಯ ಸೀಳಿನಲ್ಲಿ ಉಕ್ಕಿನ ಹಲಗೆ:
ಆಳ ಸಿಕ್ಕರೆ ಇಳಿಯುತ್ತದೆ,
ಹಲಸೂರಿನ ಕೆಸರು ತಾಗಿದರೆ ಒಳಗೆಳೆದುಕೊಳ್ಳುತ್ತದೆ.
ಕಂಬದ ಬುಡಕ್ಕೆ ಕೀಲು, ಸೇತುವೆ ಬಂದಾಗ ಬಾಗಲು.
ಕ್ಯಾಬಿನ್ನಿನಲ್ಲಿ ನಿಲ್ಲಲಾಗದು; ಎದುರುಬದುರು ಕೂತರೆ
ಮೊಣಕಾಲಿಗೆ ಮೊಣಕಾಲು.
ಅಲ್ಲಿ ಜಗಳ ಆಡಿದವರು ಯಾವ ಕಡೆ ಎದ್ದುಹೋದರೋ.

ಸಮುದ್ರ ನೋಡಿದ್ದೀಯಾ ಎಂದೆ.
‘ಮದ್ರಾಸಿಗೆ ಹೋಗಿದ್ದೆ, ಮದುವೆಗೆ. ಟೈಮ್ ಆಗಲಿಲ್ಲ.’

ಆಷಾಢ. ತಗಡು ಎತ್ತಿ ಎತ್ತಿ ಬಡಿಯುತ್ತಿದೆ ಗಾಳಿ,
ದೋಣಿಯನ್ನೇ ಹುಡುಕಿಕೊಂಡು ಬಂದಂತೆ.
ಲೂರ್ದುಸ್ವಾಮಿ ತಲೆ ಎತ್ತದೆ ಹುಡುಗನನ್ನು ಕೂಗುತ್ತಾನೆ:
‘ಬಾಗಿಲು ಹಾಕೋ,
ಹಸಿ ರಾಳ, ಧೂಳು ಕೂರುತ್ತೆ.’