ಸರದಿ

ಯೊಕೊಟೆಯಲ್ಲಿ ಫೆಬ್ರವರಿ. ಕಿಟಕಿಯ ಅರ್ಧದವರೆಗೂ ಹಿಮ.
ನಮ್ಮ ಮನೆಯಲ್ಲಿ ಸ್ನಾನದ ತೊಟ್ಟಿ ಒಂದೇ, ನೀರೂ ಒಂದೇ;
ಹೊರಗೇ ಸೋಪು ಹಚ್ಚಿ, ತೊಳೆದು, ಚೊಕ್ಕಟವಾಗಿ
ಒಬ್ಬರ ಹಿಂದೊಬ್ಬರು ಕುತ್ತಿಗೆಯವರೆಗೆ ಮುಳುಗಬೇಕು.
ಮೊದಲು ನಾನು ಮತ್ತು ರಿತ್ಸು, ಆಮೇಲೆ ಚಿಹಾರು,
ಕೊನೆಗೆ ಅಮ್ಮ.

ಅಮ್ಮ ಮಾತ್ರ ಎಲೆ ಉದುರಿದಾಗಿನಿಂದ ಇಳಿದಿಲ್ಲ.
"ನೆಗಡಿ" ಎನ್ನುತ್ತಾಳೆ. ನಾಲ್ಕು ತಿಂಗಳ ನೆಗಡಿ.
ಬಿಸಿ ಟವೆಲಿನಲ್ಲಿ ಮೈ ಒರೆಸಿಕೊಂಡು ಮಲಗುತ್ತಾಳೆ.
ನಾವೂ ಕೆದಕಲಿಲ್ಲ.

ಇವತ್ತು ರಿತ್ಸು ನನ್ನ ಮೊಣಕಾಲ ಮೇಲೆ ಕೂತು
ಪ್ಲಾಸ್ಟಿಕ್ ತಿಮಿಂಗಿಲಕ್ಕೆ ನೀರು ಕುಡಿಸುತ್ತಿದ್ದ.
ಒಮ್ಮೆಲೇ ಸುಮ್ಮನಾದ.
ಎರಡು ವರ್ಷದವನ ಮೌನವನ್ನು ನಂಬಬಾರದು.
ಕಣ್ಣು ಎಲ್ಲೋ ದೂರ, ಗೋಡೆಯ ಆಚೆ, ಬೆಟ್ಟದ ಆಚೆ;
ತುಟಿ ಬಿಗಿ, ಮುಖ ಕೆಂಪು,
ಏನೋ ದೊಡ್ಡ ತೀರ್ಮಾನಕ್ಕೆ ಬರುತ್ತಿರುವ ನ್ಯಾಯಾಧೀಶನ ಹಾಗೆ.
"ಬೇಡ, ಬೇಡ, ತಡಿಯೋ" ಅಂದೆ.
ತಡೆಯುವುದು ಅವನ ಕೈಯಲ್ಲಿರಲಿಲ್ಲ.

ತೇಲಿ ಬಂತು.
ಒಂದು. ಅದರ ಹಿಂದೆ ಇನ್ನೊಂದು, ಸಣ್ಣದು,
ತಿಮಿಂಗಿಲದ ಪಕ್ಕದಲ್ಲೇ, ಅವಸರವಿಲ್ಲದೆ.
"ಮೀನು!" ಎಂದು ರಿತ್ಸು ಕೈ ಚಾಚಿದ.

ಅವನನ್ನು ಎತ್ತಿದ್ದು, ನಾನು ಎದ್ದದ್ದು, ಕೂಗಿದ್ದು,
ಯಾವುದು ಮೊದಲೋ ನೆನಪಿಲ್ಲ.
ಹದಿನೇಳು ವರ್ಷ ಈ ಊರಿನ ಹೆಪ್ಪುಗಟ್ಟಿದ ರಸ್ತೆಯಲ್ಲಿ ಬಸ್ಸು ಓಡಿಸಿದ್ದೇನೆ,
ಒಂದು ಸಲವೂ ಹಾಗೆ ಬ್ರೇಕು ಒತ್ತಿರಲಿಲ್ಲ.
ಕೂಗಿಗೆ ಬೆದರಿ ಮಗು ಅತ್ತಿತು,
ಅಳುವಿನ ಜೊತೆ ಉಳಿದದ್ದೂ ಬಂತು, ನನ್ನ ಪಾದದ ಮೇಲೆ.

ಚಿಹಾರು ಬಾಗಿಲು ಸರಿಸಿದಳು, ನೋಡಿದಳು, ಮೂಗು ಮುಚ್ಚಿದಳು.
"ನನ್ನ ಸರದಿ ಇನ್ನೂ ಆಗಿಲ್ಲ" ಎಂದಳು,
ಕೊನೆಯ ರೈಲು ತಪ್ಪಿದವಳ ದನಿಯಲ್ಲಿ.
ಹಿಡಿಯುವುದಕ್ಕೆ ಏನಾದರೂ ಕೊಡು ಎಂದರೆ
ಆಗಸ್ಟಿನಲ್ಲಿ ಸತ್ತ ಚಿನ್ನದ ಮೀನಿನ ಬಲೆ ತಂದಳು.
ಅಲ್ಲಿಗೆ, ಮೀನೇ ಎಂದು ನಾವೂ ಒಪ್ಪಿದಂತಾಯಿತು.

ಆಗ ಅಮ್ಮ ಬಂದಳು, ಗೋಡೆ ಹಿಡಿದು, ಹತ್ತಿಯ ಅಂಗಿಯಲ್ಲಿ.
"ಕೂಗಬೇಡವೋ. ಹೆದರಿಸಿದರೆ ನಾಳೆಯಿಂದ
ನೀರಿಗೇ ಇಳಿಯುವುದಿಲ್ಲ ಅವನು."
ಮರದ ಗಿಡ್ಡ ಸ್ಟೂಲಿನ ಮೇಲೆ ಕೂತು, ತೋಳು ಮಡಚಿ,
ಅವನನ್ನು ತೊಡೆಯ ಮೇಲೆ ಬೋರಲು ಹಾಕಿ ತೊಳೆದಳು,
ಅಕ್ಕಿ ತೊಳೆಯುವ ಅದೇ ಕೈ, ಅದೇ ನಿಧಾನ.
"ಹೊಟ್ಟೆ ಬೆಚ್ಚಗಾದರೆ ಹೀಗೆಯೇ ಮರಿ,
ಕಟ್ಟಿದ್ದು ಸಡಿಲುತ್ತದೆ. ನೀನೇನು ಮಾಡುತ್ತೀ?
ನನಗೂ ಆಯಿತು, ಅಕ್ಟೋಬರಿನಲ್ಲಿ."

ಅವನಿಗೇ ಹೇಳಿದ್ದು. ನನ್ನತ್ತ ನೋಡಲಿಲ್ಲ.
"ಯಾರೂ ಎದ್ದಿರಲಿಲ್ಲ. ನೀರೆಲ್ಲ ಬಿಟ್ಟು
ಕತ್ತಲಲ್ಲೇ ತೊಟ್ಟಿ ಉಜ್ಜಿದೆ. ಎರಡು ಸಲ."

ನಾನು ಬಲೆ ಹಿಡಿದು ನಿಂತಿದ್ದೆ, ಬೆತ್ತಲೆ, ಚಳಿಗೆ ನಡುಗುತ್ತಾ.
ಏನು ಹೇಳಬಹುದಿತ್ತು?
ಬೂಚು ಎಳೆದೆ.
ನೀರು ಗೊಳಗೊಳ ಸುತ್ತಿ ಇಳಿಯುವಾಗ
ರಿತ್ಸು ಅಳು ನಿಲ್ಲಿಸಿ, ಕೈಯಾಡಿಸಿ ಬೀಳ್ಕೊಟ್ಟ.
ಬ್ಲೀಚಿನ ಘಾಟು. ಬಕೆಟಿನಲ್ಲಿ ನೆನೆಯುವ ತಿಮಿಂಗಿಲ.
ನಾನು ಉಜ್ಜಿದೆ. ಎರಡು ಸಲ. ಮತ್ತೆ ಇನ್ನೊಂದು ಸಲ.

ಗೋಡೆಯ ಯಂತ್ರದೊಳಗಿನ ಹೆಂಗಸು ಇಪ್ಪತ್ತು ನಿಮಿಷಕ್ಕೆ
ಏನೂ ಆಗಿಯೇ ಇಲ್ಲವೆಂಬಂತೆ ಸಾರಿದಳು: ಸ್ನಾನ ಸಿದ್ಧ.
ನಲವತ್ತೊಂದು ಡಿಗ್ರಿ. ಹೊಸ ನೀರು, ಯಾರೂ ಮುಟ್ಟದ್ದು.
ಚಿಹಾರು ಟವೆಲು ಹಿಡಿದು ಕಾದಿದ್ದವಳು
ನನ್ನ ಮುಖ ನೋಡಿ, ಅದನ್ನು ಅಮ್ಮನ ಹೆಗಲಿಗೆ ಹಾಕಿದಳು.
"ಇವತ್ತು ನೀವು ಮೊದಲು."
"ನೆಗಡಿ" ಎಂದಳು ಅಮ್ಮ.
"ಅಜ್ಜೀ, ಕಕ್ಕ ಹೋಯ್ತು" ಎಂದ ರಿತ್ಸು, ಧೈರ್ಯ ಹೇಳುವವನಂತೆ.

ಬಾಗಿಲ ಈಚೆ ನಾನು ಅವನಿಗೆ ಡಯಾಪರ್ ಹಾಕುತ್ತಿದ್ದೆ.
ಒಳಗೆ ಚೊಂಬು ಚೊಂಬಾಗಿ ಮೈಮೇಲೆ ಸುರಿದುಕೊಂಡ ಸದ್ದು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ತೊಟ್ಟಿಯ ಅಂಚು ದಾಟಿ
ನೆಲಕ್ಕೆ ಚೆಲ್ಲಿತು ನೀರು,
ಅಮ್ಮನ ತೂಕದಷ್ಟು.